ಮುಂಜಾನೆ ಅಂದ್ರೆ ಎಷ್ಟು ಗಂಟೆ? ಹೊಸ ಊರಿನ ಮೊದಲ ತಿಂಗಳಿಗೆ ಒಂದಿಷ್ಟು ಉಪಾಯ

ತುಮಕೂರಿನಿಂದ ಧಾರವಾಡಕ್ಕೆ ಮನೆ ಸಾಗಿಸಿ ಮೂರನೇ ದಿನ. ಅಡುಗೆಮನೆಯ ಸ್ವಿಚ್ಚು ಕೆಟ್ಟಿತ್ತು. ಎಲೆಕ್ಟ್ರಿಷಿಯನ್ ಹುಡುಗನಿಗೆ ಫೋನ್ ಮಾಡಿದೆ. "ನಾಳೆ ಮುಂಜಾನೆ ಬರ್ತೇನ್ರಿ ಅಕ್ಕಾರ" ಅಂದ. ನಮ್ಮ ಕಡೆ ಮುಂಜಾನೆ ಅಂದರೆ ಕೋಳಿ ಕೂಗುವ ಹೊತ್ತು. ಪಾಪ, ಅಷ್ಟು ಬೇಗ ಎದ್ದು ಬರ್ತಾನಲ್ಲ ಅಂತ ನಾನೂ ಐದೂವರೆಗೇ ಎದ್ದು, ಮುಖ ತೊಳೆದು, ಬಾಗಿಲು ತೆಗೆದಿಟ್ಟು, ಬಿಚ್ಚದ ಪೆಟ್ಟಿಗೆಯೊಂದರ ಮೇಲೆ ಕೂತು ಕಾದೆ. ಅವನು ಬಂದದ್ದು ಹನ್ನೊಂದು ಗಂಟೆಗೆ. ಆರಾಮಾಗಿ, ನಗ್ತಾ ಬಂದ. ತಡವಾಯಿತು ಅಂತ ಅವನಿಗೆ ಅನಿಸಿರಲಿಲ್ಲ, ಯಾಕಂದ್ರೆ ತಡ ಆಗಿರಲೇ ಇಲ್ಲ. ಇಲ್ಲಿ ಮುಂಜಾನೆ ಅಂದರೆ ಬೆಳಗ್ಗೆ, ಅಷ್ಟೇ. ಮಧ್ಯಾಹ್ನದ ಊಟಕ್ಕೆ ಕೂರುವ ತನಕ ಅದು ಮುಂಜಾನೆಯೇ.

ಆಗ ಸಿಟ್ಟು ಬಂದಿತ್ತು. ರಾತ್ರಿ ಅಮ್ಮನಿಗೆ ಫೋನಿನಲ್ಲಿ ಹೇಳುವಾಗ ಇಬ್ಬರಿಗೂ ನಗು ತಡೆಯಲಿಲ್ಲ. ಊರು ಬಿಟ್ಟ ಮೇಲೆ ನಾನು ಹೊಟ್ಟೆ ತುಂಬ ನಕ್ಕಿದ್ದು ಅದೇ ಮೊದಲು.

ಮನೆ ಬದಲಾಯಿಸುವವರಿಗೆ ಸಲಹೆ ಕೊಡೋರಿಗೇನೂ ಕಮ್ಮಿ ಇಲ್ಲ. ಗ್ಯಾಸ್, ಆಧಾರ್, ಸ್ಕೂಲಿನ ಟಿಸಿ, ಲಾರಿ ಬಾಡಿಗೆ, ಎಲ್ಲದಕ್ಕೂ ಪಟ್ಟಿ ಸಿಗುತ್ತದೆ. ಆದರೆ ಆ ತಿಂಗಳಲ್ಲಿ ಮನುಷ್ಯರು ಹೇಗೆ ಇರಬೇಕು ಅಂತ ಯಾರೂ ಹೇಳಲ್ಲ. ಒಂದು ಜೂನ್‌ನಲ್ಲಿ ಗಂಡನಿಗೆ ವರ್ಗವಾಗಿ, ಎರಡನೇ ಕ್ಲಾಸಿನ ಮಗಳನ್ನೂ ಕಟ್ಟಿಕೊಂಡು ಇಲ್ಲಿಗೆ ಬಂದಾಗ ನಾನು ಮಾಡಿದ್ದು, ಮಾಡಿ ಕೆಟ್ಟಿದ್ದು, ಆಮೇಲೆ ಸರಿ ಮಾಡಿಕೊಂಡಿದ್ದು ಇಷ್ಟು. ನಿಮ್ಮ ಊರು ಬೇರೆ ಇರಬಹುದು. ಹೆಸರು ಬದಲಾಯಿಸಿಕೊಂಡು ಓದಿ.

ಹೊರಡುವ ಮುಂಚೆ: ಒಂದು ಪೆಟ್ಟಿಗೆ ನಿಮ್ಮ ಕೈಯಲ್ಲೇ ಇರಲಿ

ಲಾರಿಗೆ ಹಾಕುವ ಪೆಟ್ಟಿಗೆಗಳ ಲೆಕ್ಕ ಬೇರೆ, ಇದು ಬೇರೆ. ಇದು ನಿಮ್ಮ ಜೊತೆಗೇ ಬರಬೇಕು. ಇದರೊಳಗೆ ಕಾಫಿಪುಡಿ, ಫಿಲ್ಟರ್, ಒಂದು ಪಾತ್ರೆ, ಮೂರು ಲೋಟ, ಸಣ್ಣ ಕರೆಂಟ್ ಒಲೆ, ಚಾಕು, ಬೆಂಕಿಪೊಟ್ಟಣ, ಸೊಳ್ಳೆಬತ್ತಿ, ಎರಡು ಬೆಡ್‌ಶೀಟು, ಒಂದು ಟವೆಲ್ಲು, ಚಾರ್ಜರ್. ಮಗು ಇದ್ದರೆ ಅದರ ಒಂದು ಆಟದ ಸಾಮಾನು. ಅದು ಮುದ್ದಾಗಿರಬೇಕಾಗಿಲ್ಲ, ಹಳೇದಾಗಿದ್ದರೆ ಸಾಕು. ನನ್ನ ಮಗಳು ಕಿವಿ ಕಿತ್ತುಹೋದ ಮೊಲವನ್ನೇ ತಂದಳು.

ಯಾಕೆ ಅಂದ್ರೆ, ಬಾಡಿಗೆ ಮನೆಯಾದರೂ ಹಾಲು ಉಕ್ಕಿಸದೆ ಒಳಗೆ ಹೋಗೋಕೆ ನಮಗೆ ಮನಸ್ಸು ಬರಲ್ಲ, ಅಲ್ವಾ. ನಾವು ತಲುಪಿದ್ದು ಸಂಜೆ ಐದಕ್ಕೆ. ಲಾರಿ ಬಂದಿದ್ದು ಮಾರನೇ ದಿನ. ಗ್ಯಾಸಂತೂ ಇರಲೇ ಇಲ್ಲ. ಖಾಲಿ ಹಾಲ್‌ನಲ್ಲಿ ನೆಲದ ಮೇಲೆ ಕರೆಂಟ್ ಒಲೆ ಇಟ್ಟು ಹಾಲು ಕಾಯಿಸಿದೆವು. ಉಕ್ಕಿ ಒಲೆ ಮೇಲೆಲ್ಲ ಚೆಲ್ಲಿ, ಸುಟ್ಟ ವಾಸನೆ ಬಂತು. ಉಳಿದ ಹಾಲಿಗೆ ಡಿಕಾಕ್ಷನ್ ಹಾಕಿಕೊಂಡು ಗೋಡೆಗೆ ಒರಗಿ ಕುಡಿದೆವು. ಖಾಲಿ ಮನೆಯಲ್ಲಿ ಲೋಟ ಕೆಳಗಿಟ್ಟರೂ ಟಣ್ ಅಂತ ಮನೆಯೆಲ್ಲ ಕೇಳುತ್ತೆ. ಆ ರಾತ್ರಿಯ ಕಾಫಿಯ ರುಚಿ ನನಗೆ ಇನ್ನೂ ನೆನಪಿದೆ.

ಒಂದು ತಪ್ಪನ್ನೂ ಹೇಳಿಬಿಡ್ತೀನಿ. ನಾನು ಹನ್ನೊಂದು ಪೆಟ್ಟಿಗೆ ಮೇಲೆ 'ಅಡುಗೆ ಸಾಮಾನು' ಅಂತ ಒಂದೇ ಥರ ಬರೆದಿದ್ದೆ. ಸೌಟು ಬೇಕು ಅಂದ್ರೆ ಹನ್ನೊಂದನ್ನೂ ಬಿಚ್ಚಬೇಕು. ಹನ್ನೊಂದರಲ್ಲಿ ಒಂದು ಎಲ್ಲಿ ಹೋಯ್ತೋ ಲಾರಿಯವರಿಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ. ಅದರಲ್ಲಿ ತಟ್ಟೆ ಇಡ್ಲಿ ಸ್ಟ್ಯಾಂಡ್ ಇತ್ತು. ತುಮಕೂರಿನವರಿಗೆ ಅದು ಎಂಥ ನಷ್ಟ ಅಂತ ಬೇರೆಯವರಿಗೆ ಹೇಳಿ ಪ್ರಯೋಜನ ಇಲ್ಲ.

ಮೊದಲ ವಾರ ಊರು ನೋಡೋಕೆ ಹೋಗಬೇಡಿ

ಎಲ್ಲರೂ ಹೇಳೋದು ಇದಕ್ಕೆ ಉಲ್ಟಾ. ಹೊಸ ಊರು, ಸುತ್ತಾಡಿ, ನೋಡಿ ಅಂತಾರೆ. ನಾನೂ ಹಾಗೇ ಅಂದುಕೊಂಡು ಮೊದಲ ಭಾನುವಾರ ಮೂರು ಜಾಗ ಸುತ್ತಿ ಬಂದೆ. ಮನೆಗೆ ಬಂದಾಗ ಟೂರಿಗೆ ಹೋಗಿ ಲಾಡ್ಜಿಗೆ ವಾಪಸ್ ಬಂದ ಹಾಗಿತ್ತು. ಎಲ್ಲ ಕಡೆ ಹೊಸ ಮುಖ. ನಮ್ಮ ಮುಖವೂ ಎಲ್ಲರಿಗೂ ಹೊಸದು. ಹೊಸ ಊರಿನಲ್ಲಿ ಸುಸ್ತಾಗೋದು ಪೆಟ್ಟಿಗೆ ಎತ್ತಿ ಅಲ್ಲ ಅಂತ ನನ್ನ ಲೆಕ್ಕ. ಬೆಳಗಿನಿಂದ ರಾತ್ರಿವರೆಗೂ ನಿಮ್ಮನ್ನು ಗುರುತು ಹಿಡಿಯುವ ಒಬ್ಬರೂ ಎದುರಾಗಲ್ಲವಲ್ಲ, ಅದರಿಂದ.

ಹಾಗಾಗಿ ಹೀಗೆ ಮಾಡಿ. ಮನೆಯಿಂದ ಹತ್ತು ನಿಮಿಷ ನಡೆದು ಹೋಗುವಷ್ಟು ದೂರದಲ್ಲಿ ಒಂದು ಚಹಾ ಅಂಗಡಿ, ಒಂದು ಕಿರಾಣಿ ಅಂಗಡಿ, ಒಬ್ಬರು ತರಕಾರಿಯವರು, ಇಷ್ಟನ್ನು ಆರಿಸಿಕೊಳ್ಳಿ. ಮೇನ್ ರೋಡಿನದು ಬೇಡ, ಅಲ್ಲಿ ಜನ ಜಾಸ್ತಿ, ಯಾರನ್ನೂ ನೆನಪಿಟ್ಟುಕೊಳ್ಳೋಕೆ ಪುರುಸೊತ್ತಿರಲ್ಲ. ದಿನಾ ಅದೇ ಹೊತ್ತಿಗೆ ಅದೇ ಅಂಗಡಿಗೆ ಹೋಗಿ. ಅದಕ್ಕಿಂತ ಒಳ್ಳೇ ಅಂಗಡಿ ಎರಡು ಬೀದಿ ಆಚೆ ಇದ್ದರೂ ಇರಲಿ, ಈ ತಿಂಗಳು ಬೇಡ. ದುಡ್ಡನ್ನು ಆದಷ್ಟೂ ಕೈಯಲ್ಲೇ ಕೊಡಿ. ಫೋನ್ ತೋರಿಸಿದರೆ ಟಿಂಗ್ ಅಂದು ಮುಗಿಯುತ್ತೆ. ಚಿಲ್ಲರೆ ಹುಡುಕುವ ಹೊತ್ತಿನಲ್ಲಿ ಎರಡು ಮಾತು ಹುಟ್ಟುತ್ತೆ. "ಯಾವೂರ್ರಿ ನಿಮ್ಮದು? ಮಾತು ಬ್ಯಾರೆ ಐತಲ್ಲ" ಅಂತ ನನ್ನನ್ನು ಕೇಳಿದ್ದು ಹೀಗೆ ಎರಡು ರೂಪಾಯಿ ಹುಡುಕುವಾಗಲೇ.

ನಾನು ಹೋಗುತ್ತಿದ್ದ ಚಹಾ ಅಂಗಡಿಯ ಕಾಕಾ ಮೊದಲ ಎಂಟು ದಿನ ನನ್ನ ಮುಖ ನೋಡಿದ್ದೂ ಅಷ್ಟಕ್ಕಷ್ಟೇ. ಒಂಬತ್ತನೇ ದಿನ ನಾನು ಬಾಯಿ ತೆಗೆಯುವ ಮುಂಚೆ "ಸಕ್ಕರಿ ಕಮ್ಮಿ, ಹೌದಲ್ರಿ?" ಅಂದರು. ಅಷ್ಟೇ ಮಾತು. ಚಹಾ ತಗೊಂಡು ಪಕ್ಕಕ್ಕೆ ಬಂದು ನಿಂತೆ, ಸುಮ್ನೆ ನಗು ಬರ್ತಾನೇ ಇತ್ತು. ಮನೆಗೆ ಹೋಗಿ ಗಂಡನಿಗೆ ಹೇಳಿದರೆ "ಇದರಲ್ಲೇನಿದೆ" ಅಂದರು. ಅವರಿಗೆ ಆಫೀಸಿನಲ್ಲಿ ಮೊದಲ ದಿನವೇ ಇಪ್ಪತ್ತು ಜನ ಗುರುತು ಹಿಡಿಯುವವರು ಸಿಕ್ಕಿದ್ದರು. ವರ್ಗವಾಗಿ ಹೋಗುವವರು ಇದನ್ನು ತಿಳಕೊಳ್ಳಬೇಕು. ನಿಮಗೆ ಆಫೀಸಿದೆ, ಮಗುವಿಗೆ ಶಾಲೆ ಇದೆ. ಮನೆಯಲ್ಲಿ ಉಳಿಯುವವರಿಗೆ ಊರನ್ನು ಸೊನ್ನೆಯಿಂದ ಕಟ್ಟಿಕೊಳ್ಳಬೇಕು.

ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ

ಕನ್ನಡದ ಊರಿನಿಂದ ಕನ್ನಡದ ಊರಿಗೇ ಬಂದಿದ್ದು, ಭಾಷೆಯ ತೊಂದರೆ ಏನು ಅಂತ ನಾನೂ ಅಂದುಕೊಂಡಿದ್ದೆ. ತರಕಾರಿ ತರೋಕೆ ಹೋದ ಮೊದಲ ದಿನವೇ ಗೊತ್ತಾಯ್ತು. ಪಕ್ಕದ ಮನೆಯವರು "ಸೂಪರ್ ಮಾರ್ಕೆಟ್‌ಗೆ ಹೋಗ್ರಿ" ಅಂದರು. ನಾನು ಎಸಿ ಅಂಗಡಿ, ತಳ್ಳೋ ಗಾಡಿ, ಬಿಲ್ ಕೌಂಟರ್ ಎಲ್ಲ ಕಲ್ಪಿಸಿಕೊಂಡು ಹೋದೆ. ಧಾರವಾಡದ ಸೂಪರ್ ಮಾರ್ಕೆಟ್ ಅಂದರೆ ಗೋಣಿಚೀಲ ಹಾಸಿಕೊಂಡು ಸಾಲಾಗಿ ಕೂತ ತರಕಾರಿಯವರ ಮಾರುಕಟ್ಟೆ. ಹೆಸರು ಅಷ್ಟೇ ಹಾಗೆ.

ಅಲ್ಲಿ ಈರುಳ್ಳಿ ಉಳ್ಳಾಗಡ್ಡಿ. ಆಲೂಗಡ್ಡೆ ಬಟಾಟಿ. ಕಡಲೆಕಾಯಿ ಶೇಂಗಾ, ಹುರಿಗಡಲೆ ಪುಠಾಣಿ, ಸೀಬೆಹಣ್ಣು ಪೇರಲ. ಕಾಲು ಕೆಜಿ ಪಾವ ಕಿಲೋ. ನೂರೈವತ್ತು ರೂಪಾಯಿ ಅಂದರೆ ದೀಡ ನೂರು. ಬೆಲೆ ಜಾಸ್ತಿ ಆದರೆ ತುಟ್ಟಿ, ಕಮ್ಮಿ ಇದ್ದರೆ ಸೋವಿ. ನಾನು "ಸೊಪ್ಪು ಹೇಗೆ ಕೊಡ್ತೀರಾ ಕಣಮ್ಮಾ" ಅಂದಿದ್ದಕ್ಕೆ ಸೊಪ್ಪು ಮಾರುವ ಅಜ್ಜಿ 'ಕಣಮ್ಮಾ' ಅನ್ನೋದನ್ನು ಪಕ್ಕದವಳಿಗೆ ಹೇಳಿ ಹೇಳಿ ನಕ್ಕಳು. ಕೊನೆಗೆ ಒಂದು ಕಟ್ಟು ಮೆಂತ್ಯ ಜಾಸ್ತಿ ಹಾಕಿದಳು. ನಗಿಸಿದ್ದಕ್ಕೆ ಅಂತ ನಾನು ತಿಳಕೊಂಡಿದ್ದೇನೆ.

ನಾವು ಫ್ರಿಜ್ ಮೇಲೆ ಒಂದು ಹಾಳೆ ಅಂಟಿಸಿ ನಡುವೆ ಗೆರೆ ಎಳೆದೆವು. ಎಡಗಡೆ ತುಮಕೂರು, ಬಲಗಡೆ ಧಾರವಾಡ. ಮೂವರೂ ದಿನಾ ಕೇಳಿದ ಒಂದೊಂದು ಪದ ಬರೆಯಬೇಕು, ಬರೆಯದಿದ್ದವರು ರಾತ್ರಿ ಪಾತ್ರೆ ಎತ್ತಿಡಬೇಕು. ನಾಲ್ಕನೇ ದಿನದಿಂದ ಮಗಳೇ ಗೆಲ್ಲುತ್ತಿದ್ದಳು. ಶಾಲೆಯಲ್ಲಿ ಟೀಚರ್ "ಕುಂಡ್ರು" ಅಂದಾಗ ಇವಳು ಅರ್ಥವಾಗದೆ ನಿಂತೇ ಇದ್ದಳಂತೆ. ಎರಡನೇ ವಾರ ಬ್ಯಾಗ್ ಬಿಸಾಡಿ "ಅಮ್ಮ, ಹಸಿವಿ ಆಗೇತಿ" ಅಂದಳು. ದೊಡ್ಡವರು ತಿಂಗಳಾದರೂ ಕಲಿಯದ್ದನ್ನು ಮಕ್ಕಳು ಹತ್ತು ದಿನದಲ್ಲಿ ಕಲಿತು ನಮಗೇ ಪಾಠ ಮಾಡ್ತಾರೆ.

ಒಂದು ಎಚ್ಚರ. ಪದ ಕಲೀರಿ, ಧಾಟಿ ನಕಲು ಮಾಡಬೇಡಿ. ನಮ್ಮ ಬಾಯಲ್ಲಿ ಅದು ನಾಟಕದ ಮಾತಿನ ಹಾಗೆ ಕೇಳುತ್ತೆ, ಇಲ್ಲಿಯವರಿಗೆ ಅಣಕಿಸಿದ ಹಾಗೂ ಅನಿಸಬಹುದು. 'ರೀ' ಒಂದನ್ನು ಮಾತ್ರ ಧಾರಾಳವಾಗಿ ಬಳಸಿ. ಇಲ್ಲಿ ಪುಟ್ಟ ಹುಡುಗನಿಗೂ 'ಹೌದ್ರಿ' ಅಂತಾರೆ. ಪಕ್ಕದ ಮನೆಯವರನ್ನು ನಾನು ಮೊದಲು 'ಆಂಟಿ' ಅಂದೆ, ಅವರ ಮುಖ ಸ್ವಲ್ಪ ಸಪ್ಪಗಾಯಿತು. 'ವೈನಿ' ಅಂದ ದಿನದಿಂದ ನಮ್ಮ ಮನೆಗೆ ದಿನಾ ಒಂದು ಬಟ್ಟಲು ಏನಾದರೂ ಬರ್ತಿದೆ. ವೈನಿ ಅಂದರೆ ಅತ್ತಿಗೆ.

ನಳ ಬಂದ ದಿನ

ತುಮಕೂರಿನಲ್ಲಿ ನಮ್ಮದು ಬೋರ್‌ವೆಲ್ ಇದ್ದ ಮನೆ. ಇಲ್ಲಿ ನಾವು ಹಿಡಿದ ಮನೆಗೆ ನಲ್ಲಿ ನೀರು ದಿನಾ ಬರಲ್ಲ. ಹುಬ್ಬಳ್ಳಿ-ಧಾರವಾಡಕ್ಕೆ ಮುಖ್ಯವಾಗಿ ಮಲಪ್ರಭೆಯಿಂದ ನೀರು ತರಿಸ್ತಾರೆ. ಕೆಲವು ಬಡಾವಣೆಗೆ ದಿನಪೂರ್ತಿ ಬರುತ್ತೆ, ಕೆಲವಕ್ಕೆ ಕೆಲವು ದಿನಕ್ಕೊಮ್ಮೆ. ನಮ್ಮದು ಎರಡನೇ ಜಾತಿ. ಮನೆ ನೋಡುವಾಗಲೇ ಇದನ್ನು ಕೇಳಬೇಕಿತ್ತು, ಕೇಳಲಿಲ್ಲ. ಟೈಲ್ಸ್ ಚೆನ್ನಾಗಿದೆ ಅಂತ ನೋಡಿಕೊಂಡು ಬಂದೆ. ನೀವು ಕೇಳಿ. ಮನೆ ಮಾಲೀಕರನ್ನಲ್ಲ, ಅಕ್ಕಪಕ್ಕದವರನ್ನು.

ಆದರೆ ಸಂತೋಷದ ವಿಷಯಕ್ಕೆ ಬಂದರೆ, ನೀರು ಬರುವ ದಿನದ್ದು ಒಂದು ಹಬ್ಬ. ಬೀದಿಯ ಆ ತುದಿಯಿಂದ ಯಾರೋ "ನಳಾ ಬಂದಾವ್ರಿ!" ಅಂತ ಕೂಗ್ತಾರೆ. ಒಂದು ಮನೆಯಿಂದ ಇನ್ನೊಂದಕ್ಕೆ ಆ ಕೂಗು ಓಡಿ ಬರುತ್ತೆ. ಐದು ನಿಮಿಷದಲ್ಲಿ ಬೀದಿಯ ಹೆಂಗಸರೆಲ್ಲ ಹೊರಗೆ. ಪೈಪು ಎಳೆಯುವವರು, ಕಟ್ಟೆ ತೊಳೆಯುವವರು, ಕೊಡ ಬೆಳಗುವವರು. ನನಗೆ ಬೀದಿಯ ಮುಕ್ಕಾಲು ಪಾಲು ಪರಿಚಯ ಆಗಿದ್ದು ಇದೇ ಎರಡು ಗಂಟೆಗಳಲ್ಲಿ. ಯಾರ ಮಗಳಿಗೆ ಗಂಡು ನೋಡ್ತಿದ್ದಾರೆ, ಯಾರ ಸೊಸೆ ಹೆರಿಗೆಗೆ ಹೋಗಿದ್ದಾಳೆ, ಯಾವ ಡಾಕ್ಟರ ಕೈಗುಣ ಚಲೋ, ಎಲ್ಲ ಗೊತ್ತಾಯ್ತು. ನಿಮ್ಮ ಹೊಸ ಊರಿನಲ್ಲೂ ಇಂಥದ್ದೊಂದು ಹೊತ್ತು ಇದ್ದೇ ಇರುತ್ತೆ. ಕಸದ ಗಾಡಿ ಬರುವ ಹೊತ್ತೋ, ಶಾಲೆಯ ಬಸ್ಸು ಬಿಡುವ ಹೊತ್ತೋ. ಆಗ ಮೊಬೈಲ್ ಒಳಗಿಟ್ಟು ಹೊರಗೆ ನಿಲ್ಲಿ. ಕೆಲಸ ಬೇಗ ಮುಗಿದರೂ ಎರಡು ನಿಮಿಷ ಸುಮ್ನೆ ನಿಲ್ಲಿ.

ಒಂದು ಕಚೇರಿ ಕೆಲಸಕ್ಕೆ ಒಂದು ತಿಂಡಿ

ಗ್ಯಾಸ್ ವರ್ಗಾವಣೆ, ವಿಳಾಸ ಬದಲಾವಣೆ, ಬ್ಯಾಂಕು, ಶಾಲೆಯ ಕಾಗದ. ಈ ಕೆಲಸಗಳ ಬಗ್ಗೆ ನನ್ನ ಹತ್ತಿರ ಸಿಹಿ ಮಾತು ಏನೂ ಇಲ್ಲ. ಒಂದು ಕಚೇರಿಯಲ್ಲಿ ಒಂದೇ ಕಾಗದಕ್ಕೆ ಮೂರು ದಿನ ಅಲೆಸಿದರು. ದಿನಕ್ಕೆ ಒಂದೇ ಕಚೇರಿ ಇಟ್ಟುಕೊಳ್ಳಿ, ಮತ್ತೆ ಪ್ರತಿಯೊಂದಕ್ಕೂ ವಾಪಸ್ ಬರುವ ದಾರಿಯಲ್ಲಿ ಒಂದು ತಿಂಡಿ ಗೊತ್ತು ಮಾಡಿಕೊಳ್ಳಿ. ಕೆಲಸ ಆಗಲಿ ಬಿಡಲಿ, ತಿಂಡಿ ತಪ್ಪಿಸಬಾರದು. ಇದೇ ನಿಯಮ.

ನಮ್ಮ ಗ್ಯಾಸಿನ ಕೆಲಸಕ್ಕೆ ಸಿಕ್ಕಿದ್ದು ಲೈನ್ ಬಜಾರಿನ ಪೇಢೆ. ಹೆಸರಿಗೆ ತಕ್ಕ ಹಾಗೆ ಅಲ್ಲಿ ಲೈನ್ ಇರುತ್ತೆ. ಉತ್ತರ ಪ್ರದೇಶದಿಂದ ಬಂದ ಠಾಕೂರ್ ಮನೆತನದವರು ಇಲ್ಲಿ ಶುರು ಮಾಡಿದ ಪೇಢೆ ಇದು, ಈಗ ಜಿಐ ಮಾನ್ಯತೆಯೂ ಇದೆ, ಅಂದರೆ ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು. ನಮ್ಮ ಕಡೆ ಸಿಗುವ ಬಿಳೀ ಪೇಡಾ ನೆನಪಿಟ್ಟುಕೊಂಡು ಹೋಗಬೇಡಿ. ಖೋವಾವನ್ನು ಕಂದು ಬಣ್ಣಕ್ಕೆ ತಿರುಗುವ ತನಕ ಹುರಿದು, ಮೇಲೆ ಸಕ್ಕರೆ ಪುಡಿ ಹೊರಳಿಸಿರ್ತಾರೆ. ಬಾಯಲ್ಲಿಟ್ಟರೆ ಮೊದಲು ಸಕ್ಕರೆ ಮರಳು ಮರಳಾಗಿ ಸಿಗುತ್ತೆ, ಆಮೇಲೆ ಹುರಿದ ಹಾಲಿನ ಘಮ. ಪೊಟ್ಟಣ ಮನೆಗೆ ಒಯ್ಯೋಣ ಅಂದುಕೊಂಡವಳು ಆಟೋದಲ್ಲೇ ಎರಡು ಮುಗಿಸಿದೆ. ಮುಂದೆ ಕೂತಿದ್ದ ಆಟೋ ಕಾಕಾನಿಗೂ ಒಂದು ಕೊಟ್ಟೆ.

ಮಳೆಗಾಲದ ಮಧ್ಯಾಹ್ನ

ಧಾರವಾಡ ಸಮುದ್ರ ಮಟ್ಟಕ್ಕಿಂತ 700 ಮೀಟರ್‌ಗೂ ಎತ್ತರದಲ್ಲಿ, ಮಲೆನಾಡಿನ ಅಂಚಿನಲ್ಲಿದೆ. ಜೂನ್ ಹಿಡಿಯಿತು ಅಂದರೆ ಪಡುವಣ ಗಾಳಿ, ಜಿಟಿಜಿಟಿ ಮಳೆ. ತುಮಕೂರಿನ ಮಳೆ ಬಂದರೆ ಒಂದು ಗಂಟೆ ಧೋ ಅಂತ ಹೊಡೆದು ಹೋಗುತ್ತೆ. ಇದು ಹಾಗಲ್ಲ, ದಿನಗಟ್ಟಲೆ ಗೊಣಗುತ್ತೆ. ಶಾಲೆಯ ಯೂನಿಫಾರ್ಮ್ ಒಣಗಲ್ಲ. ಫ್ಯಾನಿನ ಕೆಳಗೆ ಹಗ್ಗ ಕಟ್ಟಿ ಒಣಗಿಸಿ, ಇಸ್ತ್ರಿ ಹಾಕಿ, ಆದರೂ ಒಂಥರಾ ವಾಸನೆ. ಈ ವಿಷಯಕ್ಕೆ ನನ್ನ ಹತ್ತಿರ ಉಪಾಯ ಇಲ್ಲ, ಇನ್ನೊಂದು ಜೊತೆ ಯೂನಿಫಾರ್ಮ್ ಹೊಲಿಸಿ, ಅಷ್ಟೇ.

ಆದರೆ ಆ ಮಳೆಗೆ ಗಿರ್ಮಿಟ್ ಅನ್ನೋ ಚುರುಮುರಿ ತಿಂಡಿ ಇದೆ. ನಮ್ಮ ಮಸಾಲಪುರಿ ನೆನಪಿನಿಂದ ಹೊರಗೆ ಬರೋಕೆ ನನಗೆ ಎರಡು ವಾರ ಬೇಕಾಯ್ತು, ಬಂದ ಮೇಲೆ ಮಾತ್ರ ವಾಪಸ್ ಹೋಗಿಲ್ಲ. ವೈನಿ ಮಾಡಿದ್ದನ್ನು ಹತ್ತಿರ ನಿಂತು ನೋಡಿದ್ದು ಹೀಗೆ: ಬಾಣಲೆಗೆ ಎಣ್ಣೆ, ಸಾಸಿವೆ, ಹಸಿಮೆಣಸು, ಜಾಸ್ತಿ ಈರುಳ್ಳಿ, ಅರಿಶಿನ. ಈರುಳ್ಳಿ ಮೆತ್ತಗಾದ ಮೇಲೆ ಹುಣಸೆರಸ, ಬೆಲ್ಲ, ಉಪ್ಪು ಹಾಕಿ ಗೊಜ್ಜು ಗಟ್ಟಿಯಾಗುವ ತನಕ ಕುದಿಸೋದು. ಇಳಿಸಿ ಆರಿದ ಮೇಲೆ ಚುರುಮುರಿಗೆ ಕಲಸಿ, ಪುಠಾಣಿ ಹಿಟ್ಟು ಉದುರಿಸಿ, ಹಸಿ ಈರುಳ್ಳಿ, ಟೊಮೆಟೊ, ಕೊತ್ತಂಬರಿ, ಸೇವು. ಗೊಜ್ಜು ಬಿಸಿ ಇದ್ದಾಗ ಕಲಸಿದರೆ ಚುರುಮುರಿ ಮುದ್ದೆಯಾಗುತ್ತೆ, ನಾನು ಮಾಡಿ ಕೆಡಿಸಿದ್ದೇನೆ. ಪಕ್ಕಕ್ಕೆ ಮಿರ್ಚಿ ಇರಲೇಬೇಕು. ಮಿರ್ಚಿ ಅಂದರೆ ನಮ್ಮ ಮೆಣಸಿನಕಾಯಿ ಬಜ್ಜಿ.

ಅದೇ ಮಧ್ಯಾಹ್ನಗಳಲ್ಲಿ ವೈನಿಯ ಅತ್ತೆ ನನಗೆ ಕಸೂತಿ ತೋರಿಸಿಕೊಟ್ಟರು. ಎಂಬತ್ತರ ಹತ್ತಿರದ ಅಜ್ಜಿ, ಕಿಟಕಿಯ ಬೆಳಕಿಗೆ ಬೆನ್ನು ಮಾಡದೆ ಎದುರು ಕೂತು, ಕನ್ನಡಕದ ಮೇಲಿಂದ ನೋಡ್ತಾರೆ. ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳೋ ಹಾಗಿಲ್ಲ. "ಎಳಿ ಎಣಸಬೇಕವ್ವಾ, ಗಂಟು ಹಾಕಬಾರ್ದು" ಅಂದರು. ಗಾವಂಟಿ ಹೊಲಿಗೆಯಲ್ಲಿ ಸೂಜಿ ಒಂದು ಎಳೆ ಬಿಟ್ಟು ಬಿಟ್ಟು ಮುಂದೆ ಹೋಗುತ್ತೆ, ಅದೇ ದಾರಿಯಲ್ಲಿ ವಾಪಸ್ ಬರುವಾಗ ಬಿಟ್ಟ ಜಾಗವೆಲ್ಲ ತುಂಬುತ್ತೆ. ಮುಗಿದ ಮೇಲೆ ಬಟ್ಟೆ ತಿರುವಿದರೆ ಹಿಂದೆಯೂ ಮುಂದೆಯೂ ಒಂದೇ ಥರ. ನಾನು ಮೂರು ಮಧ್ಯಾಹ್ನ ಕೂತು ಒಂದು ಕರವಸ್ತ್ರದ ಮೂಲೆಗೆ ಒಂದು ಸಣ್ಣ ಗೋಪುರ ಹೊಲಿದೆ. ತಿರುವಿ ನೋಡಿದ ಅಜ್ಜಿ ಏನೂ ಹೇಳದೆ ಎರಡು ಕಡೆ ಬೆರಳಿಟ್ಟು ತೋರಿಸಿದರು. ಎಣಿಕೆ ತಪ್ಪಿತ್ತು. ಬಿಚ್ಚಿ ಮತ್ತೆ ಹೊಲಿದೆ. ಹೊಸ ಊರಿನಲ್ಲಿ ಏನಾದರೂ ಒಂದನ್ನು ಮೊದಲಿಂದ ಕಲಿಯೋದು ಒಳ್ಳೇದು. ಹೇಗೂ ಎಲ್ಲದರಲ್ಲೂ ಹೊಸಬರೇ ಆಗಿರ್ತೀವಿ, ಇದೊಂದರಲ್ಲಿ ಹಾಗಿರೋಕೆ ನಾಚಿಕೆ ಆಗಲ್ಲ.

ಆ ತಿಂಗಳ ಹಬ್ಬ ಯಾವುದು ಅಂತ ಕೇಳಿ

ನಮ್ಮ ಹಬ್ಬಗಳ ಪಟ್ಟಿ ನಮಗೆ ಗೊತ್ತಿರುತ್ತೆ. ಹೊಸ ಊರಿನದು ಬೇರೆ. ಜೂನ್‌ನಲ್ಲಿ ಯಾವ ಹಬ್ಬ ಅಂತ ನಾನು ಕೇಳಿದ್ದಕ್ಕೆ ವೈನಿಗೆ ಆಶ್ಚರ್ಯ. ಜ್ಯೇಷ್ಠದ ಹುಣ್ಣಿಮೆಗೆ ಕಾರಹುಣ್ಣಿಮೆ, ಅದಾಗಿ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ. ಬಿತ್ತನೆ ಹೊತ್ತಿಗೆ ಎತ್ತುಗಳಿಗೆ ಮಾಡುವ ಪೂಜೆ. ನಾವು ಕಾರಹುಣ್ಣಿಮೆ ದಿನ ಪೆಟ್ಟಿಗೆಗಳ ನಡುವೆ ಇದ್ದೆವು, ತಪ್ಪಿಹೋಯಿತು. ಅಮಾವಾಸ್ಯೆಯ ಹಿಂದಿನ ದಿನ ಪೇಟೆಗೆ ಹೋದರೆ ರಸ್ತೆ ಬದಿಯಲ್ಲೆಲ್ಲ ಮಣ್ಣಿನ ಎತ್ತುಗಳು. ಜೋಡಿ ಜೋಡಿ. ಇನ್ನೂ ಹಸಿ ಮಣ್ಣಿನ ವಾಸನೆ, ಕೊಂಬು ಮುಟ್ಟಿದರೆ ಬಾಗುತ್ತೆ. ಜೊತೆಗೆ ಅವು ಮೇಯೋಕೆ ಒಂದು ಪುಟ್ಟ ಗ್ವಾದಲಿ, ಅಂದರೆ ಮೇವಿನ ತೊಟ್ಟಿಯನ್ನೂ ಮಣ್ಣಿನಲ್ಲೇ ಮಾಡಿಕೊಡ್ತಾರೆ.

ಮಗಳು ಒಂದು ಜೋಡಿ ಆರಿಸಿದಳು. ಒಂದರ ಕಿವಿ ಮನೆಗೆ ಬರುವಷ್ಟರಲ್ಲಿ ಉದುರಿತ್ತು, ಅದಕ್ಕೂ ಮೊಲಕ್ಕೂ ಜೋಡಿ ಸರಿಯಾಯ್ತು ಅಂದಳು. ಮಾರನೇ ದಿನ ದೇವರ ಮುಂದೆ ಇಟ್ಟು ಪೂಜೆ ಮಾಡಿದೆವು. ಅದರ ಮರುದಿನ ಬೀದಿಯ ಮಕ್ಕಳು ಮಣ್ಣಿನ ಒಂದು ಕುಂಟೆತ್ತನ್ನು ಹಿಡಿದು ಹಾಡ್ತಾ ಮನೆಮನೆಗೆ ಜೋಳ ಕೇಳೋಕೆ ಬಂದರು. ನನ್ನ ಹತ್ತಿರ ಜೋಳ ಇರಲಿಲ್ಲ. ರಾಗಿ ಹಿಟ್ಟು ಇತ್ತು. ಅದನ್ನೇ ಒಂದು ಹಿಡಿ ಹಾಕಲಾ ಅಂದೆ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡವು. ಐದು ರೂಪಾಯಿ ತಗೊಂಡು ಹೋದವು. ನನ್ನ ಮಗಳೂ ಅವರ ಹಿಂದೆ.

ಸಂಜೆ, ದುಡ್ಡು ಖರ್ಚಿಲ್ಲದೆ

ಮೂರನೇ ವಾರದಿಂದ ಊರು ನೋಡೋಕೆ ಶುರು ಮಾಡಿ. ಆಗಲೂ ಒಂದು ಸಂಜೆಗೆ ಒಂದೇ ಜಾಗ. ಧಾರವಾಡದವರಿಗೆ ಸಂಜೆ ಅಂದರೆ ಕಾರ್ಯಕ್ರಮ. 1890ರಲ್ಲಿ ಶುರುವಾದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣವೋ ಹಾಡೋ ಏನಾದರೂ ನಡೀತಾನೇ ಇರುತ್ತೆ, ಸುಮ್ನೆ ಹೋಗಿ ಹಿಂದಿನ ಸಾಲಿನಲ್ಲಿ ಕೂರಬಹುದು. ಹಿಂದೂಸ್ತಾನಿ ಸಂಗೀತ ಇಲ್ಲಿ ದೊಡ್ಡ ಮನುಷ್ಯರ ಸೊತ್ತಲ್ಲ. ಹೆಸರಾಂತ ಗಾಯಕ ಮಲ್ಲಿಕಾರ್ಜುನ ಮನ್ಸೂರರ ಮನೆ 'ಮೃತ್ಯುಂಜಯ' ಈಗ ಸ್ಮಾರಕ, ಹೋಗಿ ನೋಡಬಹುದು. ಒಂದು ಕಛೇರಿಯಲ್ಲಿ ನನ್ನ ಪಕ್ಕ ಕೂತ ಅಜ್ಜರು ಕಣ್ಣು ಮುಚ್ಚಿ ತಾಳ ಹಾಕ್ತಾ ಇದ್ದವರು, ಹಾಡುವವರು ಎಲ್ಲೋ ಒಂದು ಕಡೆ ಬಂದು ನಿಂತಾಗ "ಹಾಂ!" ಅಂದರು. ನನಗೆ ರಾಗ ಗೊತ್ತಾಗಲಿಲ್ಲ, ಅವರ ಖುಷಿ ಗೊತ್ತಾಯಿತು.

ಸೋಮೇಶ್ವರ ದೇವಸ್ಥಾನಕ್ಕೆ ಹೋಗಿ, ಶಾಲ್ಮಲಾ ನದಿ ಹುಟ್ಟೋದು ಅಲ್ಲೇ. ಕರ್ನಾಟಕ ವಿಶ್ವವಿದ್ಯಾಲಯದ ಗುಡ್ಡದ ಮೇಲೆ ವಾಕಿಂಗ್ ಹೋಗಿ. ಮತ್ತೆ ಒಂದು ದಿನ ಏನೂ ಕೆಲಸ ಇಲ್ಲದೆ ಚಿಗರಿ ಬಸ್ ಹತ್ತಿ ಹುಬ್ಬಳ್ಳಿಗೆ ಹೋಗಿ ಬನ್ನಿ. 2018ರಿಂದ ಓಡ್ತಿರುವ ಈ ಬಸ್ಸಿಗೆ ರಸ್ತೆ ಮಧ್ಯದಲ್ಲಿ ತನ್ನದೇ ದಾರಿ ಇದೆ, 20 ಕಿಲೋಮೀಟರ್ ದೂರ, ಕಿಟಕಿ ಪಕ್ಕದ ಸೀಟು. ಚಿಗರಿ ಅಂದರೆ ಜಿಂಕೆ. ಫ್ರಿಜ್ ಮೇಲಿನ ಹಾಳೆಗೆ ಅದೂ ಸೇರಿತು.

ಅಳು ಬಂದ ದಿನ

ಬರುತ್ತೆ. ನನಗೆ ಹತ್ತೊಂಬತ್ತನೇ ದಿನ ಬಂತು. ಕಾರಣ ಹೇಳಿದರೆ ನಗ್ತೀರಿ. ಮುದ್ದೆ ತಿನ್ನಬೇಕು ಅನಿಸಿ ಮೂರು ಅಂಗಡಿ ಸುತ್ತಿದರೂ ರಾಗಿ ಹಿಟ್ಟು ಸಿಗಲಿಲ್ಲ. ಒಬ್ಬರು "ಮಕ್ಕಳಿಗೆ ಗಂಜಿ ಮಾಡ್ತೀರೇನ್ರಿ?" ಅಂತ ಸಣ್ಣ ಪೊಟ್ಟಣ ತೋರಿಸಿದರು. ಅಂಗಡಿ ಮುಂದೆಯೇ ಕಣ್ಣು ತುಂಬಿತು. ಅವತ್ತು ಊರು ಪೂರ್ತಿ ಕೆಟ್ಟದಾಗಿ ಕಂಡಿತು. ಮಳೆ ಕೆಟ್ಟದ್ದು, ಮನೆ ಕೆಟ್ಟದ್ದು, ರೊಟ್ಟಿ ಗಟ್ಟಿ.

ಇಂಥ ದಿನ ಹೊಸ ಊರನ್ನು ಇಷ್ಟಪಡೋಕೆ ಒದ್ದಾಡಬೇಡಿ. ಹಳೇ ಊರಿನ ಊಟ ಮಾಡಿ, ಹಳೇ ಊರಿನವರಿಗೆ ಫೋನ್ ಮಾಡಿ, ಮನಸಾರೆ ಬೈದುಬಿಡಿ. ನಾವು ಮನೆಯಲ್ಲಿ ಒಂದು ಲೆಕ್ಕ ಇಟ್ಟುಕೊಂಡೆವು. ರಾತ್ರಿ ಊಟದ ಹೊತ್ತಿಗೆ ಹತ್ತು ನಿಮಿಷ 'ನಮ್ಮೂರಲ್ಲಾದ್ರೆ' ಅಂತ ಶುರು ಮಾಡುವ ಮಾತಿಗೆ ಅನುಮತಿ. ಉಳಿದ ಹೊತ್ತು ಇಲ್ಲ. ಮೊದಮೊದಲು ಹತ್ತು ನಿಮಿಷ ಸಾಲ್ತಿರಲಿಲ್ಲ.

ಗಂಡ ಮಾರನೇ ದಿನ ಆಫೀಸಿನಲ್ಲಿ ವಿಚಾರಿಸಿದರು. ಹಾಸನದ ಕಡೆಯವರೊಬ್ಬರು ರಾಗಿ ಸಿಗುವ ಗಿರಣಿ ಹೇಳಿದರು. ಎರಡು ಕೆಜಿ ಬೀಸಿಸಿಕೊಂಡು ಬಂದು, ಬಸ್ಸಾರು ಮಾಡಿ, ಮುದ್ದೆ ನುಂಗಿದ ಮೇಲೆ ಊರು ಸ್ವಲ್ಪ ಪರವಾಗಿಲ್ಲ ಅನಿಸಿತು. ಊಟ ಮಾಡ್ತಾ ಗಂಡ ಒಂದು ವಿಷಯ ಹೇಳಿದರು, ಅದುವರೆಗೂ ನನಗೆ ಹೊಳೆದಿರಲಿಲ್ಲ. ಧಾರವಾಡದ ಬೈಪಾಸಿನಲ್ಲಿ ಹೋಗುವ ಹೆದ್ದಾರಿಯೂ ತುಮಕೂರಿನ ಪಕ್ಕ ಹೋಗುವ ಹೆದ್ದಾರಿಯೂ ಒಂದೇ, ರಾಷ್ಟ್ರೀಯ ಹೆದ್ದಾರಿ 48. ನಡುವೆ 350 ಕಿಲೋಮೀಟರ್‌ಗೂ ಜಾಸ್ತಿ ಇದೆ, ನಿಜ. ಆದರೂ ರಸ್ತೆ ಅದೇ. ಯಾಕೋ ಗೊತ್ತಿಲ್ಲ, ನನಗೆ ಅದರಿಂದ ಬಹಳ ಸಮಾಧಾನ ಆಯ್ತು.

ಕೊನೆಯ ಪೆಟ್ಟಿಗೆ

ಎಲ್ಲ ಪೆಟ್ಟಿಗೆಯನ್ನೂ ಮೊದಲ ವಾರದಲ್ಲೇ ಬಿಚ್ಚಿ ಮುಗಿಸಬೇಡಿ. ನಾಲ್ಕೈದನ್ನು ಬೇಕಂತಲೇ ಉಳಿಸಿ, ಬೇಜಾರಾದ ದಿನ ಒಂದನ್ನು ತೆಗೆಯಿರಿ. ಮರೆತೇಹೋಗಿದ್ದ ಸಾಮಾನು ಕೈಗೆ ಸಿಕ್ಕಾಗ ಯಾರೋ ಉಡುಗೊರೆ ಕಳಿಸಿದ ಹಾಗಿರುತ್ತೆ. ನಾನು ಇಪ್ಪತ್ತೆಂಟನೇ ದಿನ 'ಪುಸ್ತಕ' ಅಂತ ಬರೆದಿದ್ದ ಕೊನೆಯ ಪೆಟ್ಟಿಗೆ ತೆಗೆದೆ. ಮೇಲೆ ಎರಡು ಸಾಲು ಪುಸ್ತಕ. ಕೆಳಗೆ ಹಳೇ ಪೇಪರಿನಲ್ಲಿ ಸುತ್ತಿದ ತಟ್ಟೆ ಇಡ್ಲಿ ಸ್ಟ್ಯಾಂಡ್. ಲಾರಿಯವರನ್ನು ಮನಸ್ಸಿನಲ್ಲೇ ಎಷ್ಟು ಬೈದಿದ್ದೆ! ನಾನೇ ತುಂಬಿದ್ದು.

ಅದನ್ನು ತೊಳೆದು ಕಟ್ಟೆ ಮೇಲೆ ಒಣಗೋಕೆ ಇಟ್ಟಿದ್ದೆ. ವೈನಿ ಬಟ್ಟಲು ವಾಪಸ್ ಇಸ್ಕೊಳ್ಳೋಕೆ ಬಂದವರು ಒಂದು ತಟ್ಟೆ ಎತ್ತಿ, ತಿರುಗಿಸಿ ನೋಡಿದರು. "ಇಷ್ಟು ದೊಡ್ಡದು ಒಂದ ಇಡ್ಲಿಗ್ರಿ?" ಅಂದರು. ಹೌದು ಅಂದೆ. ತಟ್ಟೆ ಇಡ್ಲಿಗೆ ಹೆಸರಾದ ನಮ್ಮ ತುಮಕೂರಿನ ಪಕ್ಕದ ಕ್ಯಾತ್ಸಂದ್ರದ ಕಥೆ ಎಲ್ಲ ಹೇಳಿದೆ. ರವಿವಾರ ಅತ್ತೆಯವರನ್ನೂ ಕರಕೊಂಡು ಮುಂಜಾನೆ ಬರ್ತೇವಿ ಅಂದರು.

ಎಷ್ಟು ಗಂಟೆಗೆ ಅಂತ ಈ ಸಲ ಕೇಳಿಕೊಂಡೆ. ಹತ್ತು ಗಂಟೆಗಂತೆ. ಶನಿವಾರ ಬೆಳಗ್ಗೆಯೇ ಅಕ್ಕಿ ನೆನೆಹಾಕಬೇಕು.